ಗ್ರಿಫಿತ್ ವೀಕ್ಷಣಾಲಯ: ಊರು ನೋಡಲು ಹೋಗಿ ಆಕಾಶ ನೋಡಿ ಬಂದದ್ದು

ಲಾಸ್ ಏಂಜಲೀಸ್‌ಗೆ ಪ್ರವಾಸ ಹೋಗುವವರ ಪಟ್ಟಿಯಲ್ಲಿ ಗ್ರಿಫಿತ್ ವೀಕ್ಷಣಾಲಯ ಇದ್ದೇ ಇರುತ್ತದೆ. ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲು ಬೆಟ್ಟ ಹತ್ತಿ, ಹಾಲಿವುಡ್ ಫಲಕ ಹಿನ್ನೆಲೆಯಲ್ಲಿ ಬರುವಂತೆ ನಾಲ್ಕು ಫೋಟೊ ತೆಗೆಸಿಕೊಂಡು, ದೀಪ ಹತ್ತಿದ ಊರನ್ನು ಒಂದಷ್ಟು ಹೊತ್ತು ನೋಡಿ ಇಳಿದುಬಿಡುವುದು ಅಲ್ಲಿಗೆ ಬರುವ ಹೆಚ್ಚಿನವರ ಕ್ರಮ. ಮೊದಲ ಸಲ ಹೋದಾಗ ನಾನೂ ಹಾಗೆಯೇ ಮಾಡಿದ್ದೆ. ಎರಡನೆಯ ಸಲ, ಅಕ್ಟೋಬರ್ ಕೊನೆಯ ಒಂದು ಗುರುವಾರ, ಬಾಗಿಲು ತೆರೆಯುವ ಮಧ್ಯಾಹ್ನ 12 ಗಂಟೆಗೇ ಹೋಗಿ, ಬಾಗಿಲು ಹಾಕುವ ಹೊತ್ತು ಹತ್ತಿರವಾಗುವವರೆಗೂ ಅಲ್ಲಿಯೇ ಇದ್ದೆ. ಈ ಬರಹ ಆ ಎರಡನೆಯ ಭೇಟಿಯದು. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹಗಲಿನಲ್ಲಿ ಒಂದು ಬಗೆಯಾಗಿ, ಕತ್ತಲಾದ ಮೇಲೆ ಇನ್ನೊಂದು ಬಗೆಯಾಗಿ ಕೆಲಸ ಮಾಡುವ ಕಟ್ಟಡವಿದು, ಸಂಜೆಯ ಎರಡು ಗಂಟೆಯಷ್ಟೇ ಇದ್ದು ಹೊರಟವರು ಈ ಎರಡರಲ್ಲಿ ಯಾವುದನ್ನೂ ಪೂರ್ತಿಯಾಗಿ ನೋಡಿರುವುದಿಲ್ಲ.

ಹೋಗುವ ದಾರಿಯ ವಿಚಾರವನ್ನು ಬೇಗ ಮುಗಿಸುತ್ತೇನೆ. ವೀಕ್ಷಣಾಲಯ ಇರುವುದು ಗ್ರಿಫಿತ್ ಪಾರ್ಕಿನೊಳಗೆ, ಮೌಂಟ್ ಹಾಲಿವುಡ್ ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ 1,134 ಅಡಿ ಎತ್ತರದಲ್ಲಿ. ಕಾರಿನಲ್ಲಿ ಹೋಗುವವರಿಗೆ ಕಟ್ಟಡದ ಹತ್ತಿರದ ಪಾರ್ಕಿಂಗ್‌ಗೆ ಗಂಟೆಯ ಲೆಕ್ಕದಲ್ಲಿ ಶುಲ್ಕವಿದೆ, ಮತ್ತು ವಾರಾಂತ್ಯದ ಸಂಜೆಗಳಲ್ಲಿ ಶುಲ್ಕ ಕೊಡಲು ಸಿದ್ಧರಿದ್ದರೂ ಜಾಗ ಸಿಗುವುದು ಕಷ್ಟ. ಮೆಟ್ರೊ ಬಿ ಲೈನ್‌ನಲ್ಲಿ ವರ್ಮಾಂಟ್–ಸನ್‌ಸೆಟ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ಡ್ಯಾಷ್ ಎಂಬ ನಗರ ಬಸ್ಸು ಹಿಡಿಯುವುದು ನನಗೆ ಕಂಡ ಸುಲಭದ ದಾರಿ. ಬಸ್ಸಿಗೆ ಒಂದು ಡಾಲರೂ ಖರ್ಚಾಗುವುದಿಲ್ಲ. ಸೋಮವಾರ ವೀಕ್ಷಣಾಲಯಕ್ಕೆ ರಜೆ. ಮಂಗಳವಾರದಿಂದ ಶುಕ್ರವಾರದವರೆಗೆ ಮಧ್ಯಾಹ್ನ 12ಕ್ಕೆ, ಶನಿವಾರ ಮತ್ತು ಭಾನುವಾರ ಬೆಳಿಗ್ಗೆ 10ಕ್ಕೆ ತೆರೆಯುತ್ತದೆ. ಎಲ್ಲ ದಿನವೂ ರಾತ್ರಿ 10ರವರೆಗೆ ಇರುತ್ತದೆ. ಪ್ರವೇಶ ಉಚಿತ. ತಾರಾಲಯದ ಪ್ರದರ್ಶನವೊಂದನ್ನು ಬಿಟ್ಟರೆ ಒಳಗೆ ನೋಡುವ ಯಾವುದಕ್ಕೂ, ರಾತ್ರಿಯ ದೂರದರ್ಶಕಕ್ಕೂ, ಹಣ ಕೇಳುವುದಿಲ್ಲ.

ಈ ಉಚಿತ ಪ್ರವೇಶದ ಹಿಂದೆ ಒಬ್ಬ ವಿಚಿತ್ರ ಮನುಷ್ಯನಿದ್ದಾನೆ. ವೇಲ್ಸ್‌ನಲ್ಲಿ ಹುಟ್ಟಿ, ಅಮೆರಿಕದಲ್ಲಿ ಗಣಿಗಳ ವ್ಯವಹಾರದಿಂದ ಶ್ರೀಮಂತನಾದ ಗ್ರಿಫಿತ್ ಜೆ. ಗ್ರಿಫಿತ್ 1896ರಲ್ಲಿ 3,015 ಎಕರೆ ಭೂಮಿಯನ್ನು ಲಾಸ್ ಏಂಜಲೀಸ್ ನಗರಕ್ಕೆ ಉದ್ಯಾನಕ್ಕೆಂದು ಬಿಟ್ಟುಕೊಟ್ಟ. 1903ರಲ್ಲಿ ಹೆಂಡತಿಗೆ ಗುಂಡು ಹೊಡೆದು ಜೈಲಿಗೂ ಹೋಗಿಬಂದ. ಆಕೆ ಬದುಕಿ ಉಳಿದಳು, ಒಂದು ಕಣ್ಣು ಹೋಯಿತು. ಊರಿನ ಹತ್ತಿರದ ಮೌಂಟ್ ವಿಲ್ಸನ್ ಬೆಟ್ಟದ ವೀಕ್ಷಣಾಲಯದ 60 ಅಂಗುಲದ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದ ಅನುಭವ ಅವನನ್ನು ಬಹಳ ಕಲಕಿತ್ತೆಂದೂ, ಆ ನೋಟ ವಿಜ್ಞಾನಿಗಳಿಗಷ್ಟೇ ಅಲ್ಲದೆ ಊರಿನ ಎಲ್ಲರಿಗೂ ಸಿಗಬೇಕೆಂಬ ಹಂಬಲ ಅಲ್ಲಿಂದ ಬೆಳೆಯಿತೆಂದೂ ಹೇಳುತ್ತಾರೆ. 1912ರಲ್ಲಿ ಸಾರ್ವಜನಿಕ ವೀಕ್ಷಣಾಲಯಕ್ಕಾಗಿ ಒಂದು ಲಕ್ಷ ಡಾಲರ್ ಕೊಡಲು ಮುಂದೆ ಬಂದ. ಜೈಲು ಕಂಡು ಬಂದವನ ಹಣ ತೆಗೆದುಕೊಳ್ಳುವುದು ಹೇಗೆಂದು ಊರಿನ ಪ್ರಮುಖರು ಹಿಂದೇಟು ಹಾಕಿದರು. 1919ರಲ್ಲಿ ಅವನು ತೀರಿಕೊಂಡ ಮೇಲೆ ಉಯಿಲಿನ ಹಣದಿಂದಲೇ ಕೆಲಸ ಶುರುವಾಗಿ, 1935ರ ಮೇ 14ರಂದು ಬಾಗಿಲು ತೆರೆಯಿತು. ದಾನಿಯ ನಡತೆಯನ್ನು ಮರೆಮಾಡಿ ಈ ಕಟ್ಟಡವನ್ನು ಹೊಗಳುವುದು ಸರಿಯಲ್ಲ. ಆದರೆ ದುಡ್ಡಿಲ್ಲದವನೂ ಇಲ್ಲಿ ಸಾಲಿನಲ್ಲಿ ನಿಂತು ಶನಿಗ್ರಹ ನೋಡಬಹುದೆಂಬ ವ್ಯವಸ್ಥೆ ಬಂದದ್ದು ಆ ಉಯಿಲಿನಿಂದಲೇ.

ಮಧ್ಯಾಹ್ನವೇ ಹೋಗಲು ನನಗೊಂದು ನಿರ್ದಿಷ್ಟ ಕಾರಣವಿತ್ತು. ಕಟ್ಟಡದ ಪಶ್ಚಿಮಕ್ಕೆ, ಹೊರಗಿನ ಅಂಗಳದಲ್ಲಿ, ಉತ್ತರ–ದಕ್ಷಿಣವಾಗಿ ಒಂದು ಮಧ್ಯಾಹ್ನರೇಖೆಯನ್ನು ನೆಲದಲ್ಲಿ ಹಾಕಿದ್ದಾರೆ. ಸೂರ್ಯ ಆ ದಿನದ ತನ್ನ ಅತಿ ಎತ್ತರದ ಸ್ಥಾನವನ್ನು ದಾಟುವ ಗಳಿಗೆಯಲ್ಲಿ ಅವನ ಬಿಂಬ ಆ ರೇಖೆಯನ್ನು ಹಾದುಹೋಗುತ್ತದೆ. ಗಡಿಯಾರದ 12 ಗಂಟೆಗೂ ಸೂರ್ಯನ ಮಧ್ಯಾಹ್ನಕ್ಕೂ ಹೊಂದಾಣಿಕೆ ಇರುವುದು ಅಪರೂಪ. ಆ ದಿನ, ಅಮೆರಿಕದಲ್ಲಿ ಬೇಸಿಗೆ ಸಮಯಕ್ಕೆಂದು ಗಡಿಯಾರವನ್ನು ಮುಂದೆ ಸರಿಸುವ ಒಂದು ಗಂಟೆಯನ್ನು ಕೂಡಿಸಿ, ಊರಿನ ರೇಖಾಂಶದ ವ್ಯತ್ಯಾಸವನ್ನೂ ಅಕ್ಟೋಬರ್ ಕೊನೆಯಲ್ಲಿ ಸೂರ್ಯ ಗಡಿಯಾರಕ್ಕಿಂತ 16 ನಿಮಿಷ ಮುಂದಿರುವುದನ್ನೂ ಲೆಕ್ಕ ಹಾಕಿದರೆ, ನಿಜವಾದ ಮಧ್ಯಾಹ್ನ 12 ಗಂಟೆ 37 ನಿಮಿಷದ ಆಸುಪಾಸಿಗೆ ಬರಬೇಕಿತ್ತು. ಬಂದಿತು. ನನ್ನ ಜೊತೆ ಅಲ್ಲಿ ನಿಂತಿದ್ದವರು ಮೂವರು ಮಾತ್ರ. ಆ ಹೊತ್ತಿಗೆ ಹುಲ್ಲುಹಾಸಿನ ಆಚೆ ಹಾಲಿವುಡ್ ಫಲಕದ ಕಡೆಗೆ ಮುಖ ಮಾಡಿ ಹತ್ತಾರು ಮಂದಿ ನಿಂತಿದ್ದರು. ಬಿಂಬ ಸರಿಯುವುದನ್ನು ಕಣ್ಣಾರೆ ನೋಡುತ್ತ ನಿಂತಾಗ, ಸರಿಯುತ್ತಿರುವುದು ಸೂರ್ಯನಲ್ಲ, ಕಾಲಡಿಯ ನೆಲ ಎಂಬುದು ಪಾಠದಂತಲ್ಲದೆ ಮೈಗೆ ತಟ್ಟುತ್ತದೆ.

ಒಳಗೆ ಹೋದರೆ ಇದೇ ಮಾತನ್ನು ಲೋಲಕ ಹೇಳುತ್ತದೆ. ಮುಖ್ಯದ್ವಾರ ದಾಟಿದೊಡನೆ ಸಿಗುವ ವರ್ತುಲಾಕಾರದ ಹಜಾರದ ನಡುವೆ, 240 ಪೌಂಡ್ ತೂಕದ ಹಿತ್ತಾಳೆಯ ಗುಂಡೊಂದು 40 ಅಡಿ ಉದ್ದದ ತಂತಿಯಿಂದ ಇಳಿಬಿದ್ದು ತೂಗಾಡುತ್ತಿರುತ್ತದೆ. ಒಮ್ಮೆ ಹೋಗಿ ಬರಲು ಅದಕ್ಕೆ ಸುಮಾರು 7 ಸೆಕೆಂಡು ಬೇಕು. ಕೆಳಗೆ ಭೂಮಿ ತಿರುಗುವುದರಿಂದ ಅದು ತೂಗುವ ದಿಕ್ಕು ನಿಧಾನವಾಗಿ ತಿರುಗಿದಂತೆ ಕಾಣುತ್ತ, ಸುತ್ತಲೂ ನಿಲ್ಲಿಸಿದ ಸಣ್ಣ ಗೂಟಗಳನ್ನು ಒಂದೊಂದಾಗಿ ಬೀಳಿಸುತ್ತ ಹೋಗುತ್ತದೆ. ಧ್ರುವದಲ್ಲಾದರೆ ಈ ಸುತ್ತು ಒಂದು ದಿನದಲ್ಲಿ ಮುಗಿಯುತ್ತದೆ, ಸಮಭಾಜಕ ವೃತ್ತದ ಮೇಲೆ ದಿಕ್ಕು ಬದಲಾಗುವುದೇ ಇಲ್ಲ. ಲಾಸ್ ಏಂಜಲೀಸ್‌ನ ಅಕ್ಷಾಂಶದಲ್ಲಿ ಪೂರ್ತಿ ಸುತ್ತಿಗೆ ಸುಮಾರು 42 ಗಂಟೆ ಹಿಡಿಯುತ್ತದೆ. ಜನ ಕಟಕಟೆಗೆ ಒರಗಿ ಅರ್ಧ ನಿಮಿಷ ನೋಡಿ, ಏನೂ ಆಗಲಿಲ್ಲವೆಂದು ಹೊರಟುಬಿಡುತ್ತಾರೆ. ಹತ್ತು ನಿಮಿಷ ನಿಂತರೆ ಒಂದಾದರೂ ಗೂಟ ಬೀಳುವ ಸಂಭವವಿದೆ, ಮತ್ತು ಬಿದ್ದಾಗ ಸುತ್ತಲಿದ್ದ ಅಪರಿಚಿತರೆಲ್ಲ ಒಟ್ಟಿಗೆ ಉದ್ಗಾರ ತೆಗೆಯುವುದು ಕೇಳಲು ಚೆನ್ನಾಗಿರುತ್ತದೆ. ಕಾಯುವಾಗ ತಲೆ ಎತ್ತಿ ನೋಡಬೇಕು: ಚಾವಣಿಯಲ್ಲಿ ಹ್ಯೂಗೊ ಬ್ಯಾಲಿನ್ ಬರೆದ ಚಿತ್ರಗಳಿವೆ, ಗ್ರೀಕ್ ಪುರಾಣದ ಅಟ್ಲಾಸ್ ಮತ್ತು ಗ್ರಹದೇವತೆಗಳು ರಾಶಿಚಕ್ರದ ಜೊತೆ ಅಲ್ಲಿ ಸುತ್ತು ಹಾಕಿದ್ದಾರೆ.

ಹಜಾರದ ಎರಡು ಪಕ್ಕದ ಸಾಲೆಗಳಲ್ಲಿ ಪಶ್ಚಿಮದ್ದು ನನಗೆ ಹೆಚ್ಚು ಹಿಡಿಸಿತು, ಏಕೆಂದರೆ ಅಲ್ಲಿರುವುದು ನೇರವಾಗಿ ಆಗ ನಡೆಯುತ್ತಿರುವ ಆಕಾಶ. ಅದರ ಮೇಲಿನ ಗುಮ್ಮಟದಲ್ಲಿ ಸೀಲೋಸ್ಟ್ಯಾಟ್ ಎಂಬ, ಸೂರ್ಯನನ್ನು ಹಿಂಬಾಲಿಸುತ್ತ ತಿರುಗುವ ಕನ್ನಡಿಗಳ ವ್ಯವಸ್ಥೆಯಿದೆ. ಅದು ಕೆಳಗೆ ಕಳಿಸುವ ಬೆಳಕನ್ನು ಮೂರು ಬಗೆಯಲ್ಲಿ ನೋಡಬಹುದು. ಒಂದರಲ್ಲಿ ಸೂರ್ಯನ ಬಿಳಿಯ ಬಿಂಬ ಮತ್ತು ಅದರ ಮೇಲಿನ ಕಲೆಗಳು, ಇನ್ನೊಂದರಲ್ಲಿ ಹೈಡ್ರೋಜನ್ ಸೂಸುವ ಕೆಂಪು ಬೆಳಕಿನಲ್ಲಷ್ಟೇ ಕಾಣುವ ಸೂರ್ಯ, ಮೂರನೆಯದರಲ್ಲಿ ಕಪ್ಪು ಗೆರೆಗಳಿಂದ ಕೂಡಿದ ಬಣ್ಣದ ಪಟ್ಟಿ. ಆ ಕಪ್ಪು ಗೆರೆಗಳನ್ನು ಓದಿಯೇ ಸೂರ್ಯನಲ್ಲಿ ಯಾವ ಮೂಲವಸ್ತುಗಳಿವೆ ಎಂದು ಗುರುತಿಸುವುದು. ಹತ್ತಿರದಲ್ಲೇ ಮೂಲವಸ್ತುಗಳ ಆವರ್ತ ಕೋಷ್ಟಕವನ್ನು ನಿಜವಾದ ಮಾದರಿಗಳೊಂದಿಗೆ ಇಟ್ಟಿದ್ದಾರೆ, ಹಾಗಾಗಿ ಗೆರೆಯಿಂದ ವಸ್ತುವಿಗೆ ಹೋಗಲು ಕೆಲವೇ ಹೆಜ್ಜೆ ಸಾಕು. ಈ ಎರಡನ್ನು ಅಕ್ಕಪಕ್ಕದಲ್ಲಿ ಇಟ್ಟವರ ಬುದ್ಧಿಯನ್ನು ಮೆಚ್ಚಬೇಕು. ಮೋಡ ಕವಿದ ದಿನ ಸೂರ್ಯಬಿಂಬ ಕಾಣುವುದಿಲ್ಲ, ಸಂಜೆ ಬಂದವರಿಗಂತೂ ಸಿಗುವುದೇ ಇಲ್ಲ. ಪೂರ್ವದ ಸಾಲೆಯಲ್ಲಿ ಕಿಡಿ ಕಾರುವ ಟೆಸ್ಲಾ ಸುರುಳಿಯಿದೆ, ಹೊರಗಿನ ದೃಶ್ಯವನ್ನು ಕತ್ತಲ ಕೋಣೆಯ ಮೇಜಿನ ಮೇಲೆ ಮೂಡಿಸುವ ಕ್ಯಾಮೆರಾ ಅಬ್ಸ್ಕ್ಯೂರಾ ಇದೆ. ಮಕ್ಕಳನ್ನು ಕರೆದುಕೊಂಡು ಹೋದವರು ಅಲ್ಲಿಂದ ಅವರನ್ನು ಎಳೆದು ತರಬೇಕಾಗುತ್ತದೆ.

2002ರ ಜನವರಿಯಲ್ಲಿ ಮುಚ್ಚಿ, 2006ರ ನವೆಂಬರ್‌ನಲ್ಲಿ ಮತ್ತೆ ತೆರೆದ ನವೀಕರಣಕ್ಕೆ 93 ದಶಲಕ್ಷ ಡಾಲರ್ ಖರ್ಚಾಯಿತು. ಆ ಹಣ ಎಲ್ಲಿ ಹೋಯಿತೆಂದು ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಹಳೆಯ ಕಟ್ಟಡದ ರೂಪ ಕೆಡಬಾರದೆಂದು ಎದುರಿನ ಹುಲ್ಲುಹಾಸನ್ನು ಅಗೆದು, ಹೊಸ ಪ್ರದರ್ಶನ ಸಾಲೆಯನ್ನು ನೆಲದ ಕೆಳಗೆ ಕಟ್ಟಿ, ಮೇಲೆ ಮತ್ತೆ ಹುಲ್ಲು ಹಾಸಿದ್ದಾರೆ. ಅಲ್ಲಿನ ಗ್ರಹಗಳ ಮಾದರಿಗಳು, ಬೇರೆ ಬೇರೆ ಗ್ರಹಗಳ ಮೇಲೆ ನಮ್ಮ ತೂಕ ಎಷ್ಟೆಂದು ಹೇಳುವ ತಕ್ಕಡಿಗಳು ಯಾವ ಒಳ್ಳೆಯ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಾದರೂ ಸಿಗುವಂಥವು. ಸಿಗದಿರುವುದು ಒಂದು ಗೋಡೆ. 152 ಅಡಿ ಉದ್ದ, 20 ಅಡಿ ಎತ್ತರದ ಆ ಗೋಡೆಯ ತುಂಬ ಇರುವುದು ಆಕಾಶದ ಒಂದೇ ಒಂದು ಚಿತ್ರ: ಕನ್ಯಾ ರಾಶಿಯ ದಿಕ್ಕಿನ ಗೆಲಾಕ್ಸಿ ಸಮೂಹದ ನಡುಭಾಗ, ಕ್ಯಾಲಿಫೋರ್ನಿಯಾದ ಪಾಲೊಮಾರ್ ವೀಕ್ಷಣಾಲಯದ ದೂರದರ್ಶಕದಿಂದ ತೆಗೆದದ್ದು, ಪಿಂಗಾಣಿ ಲೇಪದ ಫಲಕಗಳ ಮೇಲೆ ಅಚ್ಚಾದದ್ದು. ದೂರದಿಂದ ನೋಡಿದರೆ ಕಪ್ಪು ಗೋಡೆಗೆ ಸುಣ್ಣದ ಹನಿ ಸಿಡಿದಂತಿರುತ್ತದೆ. ಮೂಗು ತಾಗುವಷ್ಟು ಹತ್ತಿರ ಹೋದರೆ ಹನಿಗಳಲ್ಲಿ ಬಹುಪಾಲು ಒಂದೊಂದು ಗೆಲಾಕ್ಸಿ. ಇದರ ಎದುರಿಗೆ ಬೆಂಚಿನ ಮೇಲೆ ಐನ್‌ಸ್ಟೈನ್‌ನ ಕಂಚಿನ ಪ್ರತಿಮೆ ಕುಳಿತಿದ್ದು, ಮುಖದೆದುರು ಒಂದು ಬೆರಳು ಎತ್ತಿ ಹಿಡಿದಿದೆ. ಆ ಬೆರಳು ಆಕಾಶದಲ್ಲಿ ಎಷ್ಟು ಜಾಗವನ್ನು ಮರೆಮಾಡುತ್ತದೆಯೋ ಅಷ್ಟೇ ಜಾಗ ಈ ಇಡೀ ಗೋಡೆಯಲ್ಲಿದೆ. ಪಕ್ಕದಲ್ಲಿ ಕುಳಿತವರೆಲ್ಲ ಪ್ರತಿಮೆಯ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡರು; ಅವರಲ್ಲಿ ಬೆರಳು ಎತ್ತಿ ನೋಡಿದವರು ಕಡಿಮೆ.

ತಾರಾಲಯದ ಟಿಕೆಟ್ಟನ್ನು ಅದೇ ದಿನ, ಅಲ್ಲಿಯೇ ಕೊಳ್ಳಬೇಕು. ದೊಡ್ಡವರಿಗೆ ಹತ್ತು ಡಾಲರ್; ಮಕ್ಕಳು, ವಿದ್ಯಾರ್ಥಿಗಳು ಮತ್ತು ಹಿರಿಯರಿಗೆ ರಿಯಾಯಿತಿಯಿದೆ. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ದಿನದ ಮೊದಲ ಪ್ರದರ್ಶನಕ್ಕೆ ಮಾತ್ರ ಬಿಡುತ್ತಾರೆ, ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ. ಈ ಎರಡು ನಿಯಮಗಳನ್ನೂ ನಾನು ಒಪ್ಪುತ್ತೇನೆ, ಏಕೆಂದರೆ ಕತ್ತಲಿಗೆ ಹೊಂದಿಕೊಂಡ 290 ಜೊತೆ ಕಣ್ಣುಗಳನ್ನು ಒಂದು ಬಾಗಿಲ ಸಂದಿನ ಬೆಳಕು ಕೆಡಿಸಬಲ್ಲದು. ಇಲ್ಲಿನ ವಿಶೇಷವೆಂದರೆ ಧ್ವನಿಮುದ್ರಿತ ನಿರೂಪಣೆಯ ಬದಲು ಒಬ್ಬ ನಿರೂಪಕರು ಹೊಳೆಯುವ ಗೋಳವೊಂದನ್ನು ಕೈಯಲ್ಲಿ ಹಿಡಿದು ಎದುರಿಗೇ ನಿಂತು ಕಥೆ ಹೇಳುವುದು. ಹರಿಕಥೆ ಕೇಳಿ ಬೆಳೆದವರಿಗೆ ಇದು ಕೂಡಲೇ ಹತ್ತಿರವಾಗುತ್ತದೆ: ಸಭೆಯ ಉಸಿರು ನೋಡಿಕೊಂಡು ಮಾತನ್ನು ನಿಲ್ಲಿಸುವ, ಮತ್ತೆ ಎತ್ತಿಕೊಳ್ಳುವ ಕಲೆ ಯಂತ್ರಕ್ಕೆ ಬರುವಂಥದ್ದಲ್ಲ. ಗುಮ್ಮಟದ ಮೇಲೆ ಚಿತ್ರಗಳು ಹರಿಯುವ ಭಾಗ ಭವ್ಯವಾಗಿಯೇ ಇದೆ. ಆದರೆ ನನಗೆ ಉಳಿದುಕೊಂಡದ್ದು ಎಲ್ಲ ಚಿತ್ರಗಳೂ ಆರಿ, ಝೈಸ್ ಯೂನಿವರ್ಸೇರಿಯಂ ಯಂತ್ರ ತನ್ನ ನಕ್ಷತ್ರಗಳನ್ನಷ್ಟೇ ಬಿಟ್ಟ ನಿಮಿಷಗಳು. ಆಪ್ಟಿಕಲ್ ಫೈಬರ್‌ಗಳ ಮೂಲಕ ಮೂಡುವ ಆ ಚುಕ್ಕಿಗಳು ಸೂಜಿಮೊನೆಯಷ್ಟು ಸಣ್ಣವು, ಚೂಪಾದವು. ಅಂಥ ನಿಮಿಷಗಳು ಇನ್ನಷ್ಟು ಇರಬೇಕಿತ್ತು ಎಂದು ನನಗನ್ನಿಸಿತು. ಅಪೊಲೊ ಯೋಜನೆಯ ಗಗನಯಾತ್ರಿಗಳು ನಕ್ಷತ್ರ ನೋಡಿ ದಾರಿ ಹಿಡಿಯುವುದನ್ನು ಅಭ್ಯಾಸ ಮಾಡಿದ್ದು ಇದೇ ತಾರಾಲಯದ ಗುಮ್ಮಟದ ಕೆಳಗೆ ಎಂಬುದನ್ನು ನೆನೆದು ಕುಳಿತರೆ ಆ ಕೃತಕ ಆಕಾಶಕ್ಕೆ ಬೇರೆಯೇ ಗೌರವ ಬರುತ್ತದೆ.

ಹೊರಗೆ ಬಂದಾಗ ಸೂರ್ಯ ಮುಳುಗುವ ಹೊತ್ತಾಗಿತ್ತು, ಜನ ತುಂಬಿದ್ದರು. ಊರಿನ ನೋಟದ ಬಗ್ಗೆ ಹೇಳುವುದೇ ಇಲ್ಲವೆಂದು ಹೊರಟಿದ್ದೆ, ಅದು ಆಗದ ಮಾತು. ಆಗ್ನೇಯಕ್ಕೆ ಡೌನ್‌ಟೌನ್‌ನ ಗೋಪುರಗಳು, ನೈಋತ್ಯದಲ್ಲಿ ಗಾಳಿ ತಿಳಿಯಾಗಿದ್ದರೆ ಪೆಸಿಫಿಕ್ ಸಾಗರದ ಹೊಳಪು, ನಡುವೆ ದಕ್ಷಿಣಕ್ಕೆ ಗೆರೆ ಕೊರೆದಂತೆ ಹೋಗುವ ವರ್ಮಾಂಟ್, ನಾರ್ಮಂಡಿ, ವೆಸ್ಟರ್ನ್ ಬೀದಿಗಳು. ಕತ್ತಲು ಬಲಿತಂತೆ ಈ ಬೀದಿಗಳು ಒಂದೊಂದೇ ದೀಪದ ಸರಗಳಾಗುತ್ತವೆ. ಸೋಡಿಯಂ ದೀಪಗಳ ಕಾಲದಲ್ಲಿ ಇವು ಕಿತ್ತಳೆ ಬಣ್ಣದವಾಗಿದ್ದವು. 2009ರಿಂದ ನಗರ ತನ್ನ ಬೀದಿದೀಪಗಳನ್ನು ಎಲ್‌ಇಡಿಗೆ ಬದಲಾಯಿಸತೊಡಗಿದ ಮೇಲೆ ಬಿಳಿಯ ಛಾಯೆ ಹೆಚ್ಚಾಗಿದೆ. ನೋಟ ಸುಂದರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದೇ ಬೆಳಕು ಮೇಲೆ ಚೆಲ್ಲಿ ಆಕಾಶಗಂಗೆಯನ್ನು ಈ ಊರಿನಿಂದ ಅಳಿಸಿಹಾಕಿದೆ. ಪೂರ್ವದ ಬೆಟ್ಟಸಾಲಿನ ಮೌಂಟ್ ವಿಲ್ಸನ್‌ನಲ್ಲಿ 1917ರಿಂದ ಕೆಲಸ ಮಾಡಿದ 100 ಅಂಗುಲದ ದೂರದರ್ಶಕದಿಂದಲೇ ಖಗೋಳಜ್ಞ ಎಡ್ವಿನ್ ಹಬಲ್, ಆಂಡ್ರೊಮೆಡಾ ನಮ್ಮ ಆಕಾಶಗಂಗೆಯ ಹೊರಗಿನ ಬೇರೊಂದು ಗೆಲಾಕ್ಸಿ ಎಂದು ತೋರಿಸಿಕೊಟ್ಟದ್ದು. ಊರು ಬೆಳಗಿದಷ್ಟೂ ಆ ಬೆಟ್ಟದ ಆಕಾಶ ಮಬ್ಬಾಯಿತು. 1994ರ ಜನವರಿ 17ರ ನಸುಕಿನಲ್ಲಿ ನಾರ್ತ್‌ರಿಜ್ ಭೂಕಂಪವಾಗಿ ಊರಿಡೀ ವಿದ್ಯುತ್ ಹೋದಾಗ, ಬೀದಿಗೆ ಓಡಿಬಂದ ಜನ ತಲೆಯೆತ್ತಿ ನೋಡಿ, ಆಮೇಲೆ ಇದೇ ವೀಕ್ಷಣಾಲಯಕ್ಕೆ ಫೋನ್ ಮಾಡಿ ಆಕಾಶ ಏಕೆ ವಿಚಿತ್ರವಾಗಿತ್ತೆಂದು ಕೇಳಿದ್ದರೆಂದು, 1974ರಿಂದ ದಶಕಗಳ ಕಾಲ ಇಲ್ಲಿನ ನಿರ್ದೇಶಕರಾಗಿದ್ದ ಎಡ್ ಕ್ರಪ್ ಹೇಳಿದ್ದಾರೆ. ಆ ಜನ ಕಂಡದ್ದು ನಕ್ಷತ್ರಗಳನ್ನು, ಅಷ್ಟೇ.

ಹಾಗಿದ್ದರೆ ಇಷ್ಟು ಬೆಳಕಿನ ನಡುವೆ ದೂರದರ್ಶಕ ಇಟ್ಟುಕೊಂಡು ಏನು ಮಾಡುತ್ತಾರೆ? ಇದಕ್ಕೆ ಇಲ್ಲಿಯವರ ಉತ್ತರ ಪ್ರಾಮಾಣಿಕವಾದದ್ದು. ಇದು ಸಂಶೋಧನೆಯ ವೀಕ್ಷಣಾಲಯ ಅಲ್ಲ, ಎಂದೂ ಆಗಿರಲಿಲ್ಲ. ಪೂರ್ವದ ಗುಮ್ಮಟದಲ್ಲಿರುವ 12 ಅಂಗುಲದ ಝೈಸ್ ವಕ್ರೀಭವನ (ಕನ್ನಡಿಯ ಬದಲು ಮಸೂರ ಬಳಸುವ) ದೂರದರ್ಶಕ ತೋರಿಸುವುದು ಚಂದ್ರ, ಗ್ರಹಗಳು, ಜೋಡಿ ನಕ್ಷತ್ರಗಳು ಮುಂತಾದ, ಊರಿನ ಬೆಳಕಿಗೆ ಜಗ್ಗದ ವಸ್ತುಗಳನ್ನು. 1935ರಿಂದ 80 ಲಕ್ಷಕ್ಕೂ ಹೆಚ್ಚು ಜನ ಇದರಲ್ಲಿ ಕಣ್ಣಿಟ್ಟಿದ್ದಾರೆ. ಜಗತ್ತಿನ ಬೇರಾವ ದೂರದರ್ಶಕದಲ್ಲೂ ಇಷ್ಟು ಮಂದಿ ನೋಡಿಲ್ಲವೆಂದು ವೀಕ್ಷಣಾಲಯ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಆಕಾಶ ತಿಳಿಯಾಗಿದ್ದ ರಾತ್ರಿಗಳಲ್ಲಿ ಮಾತ್ರ ಇದು ತೆರೆದಿರುತ್ತದೆ, ಮತ್ತು ಬಾಗಿಲು ಹಾಕುವುದಕ್ಕೆ ಅರ್ಧ ಗಂಟೆ ಮೊದಲೇ, ಅಂದರೆ ಒಂಬತ್ತೂವರೆಗೆ, ಹೊಸಬರನ್ನು ಸಾಲಿಗೆ ಸೇರಿಸುವುದನ್ನು ನಿಲ್ಲಿಸುತ್ತಾರೆ. ನಾನು ಏಳೂಕಾಲಿಗೆ ಮಾಳಿಗೆಯ ಮೇಲೆ ಸಾಲಿನಲ್ಲಿ ನಿಂತೆ. ಮುಕ್ಕಾಲು ಗಂಟೆ ಕಾದು ಸಿಕ್ಕಿದ್ದು ಅರ್ಧ ನಿಮಿಷದ ನೋಟ.

ಆ ಅರ್ಧ ನಿಮಿಷದಲ್ಲಿ ಶನಿಗ್ರಹವಿತ್ತು, ಉಂಗುರ ಮಾತ್ರ ಎಲ್ಲರೂ ನಿರೀಕ್ಷಿಸಿದಂತೆ ಇರಲಿಲ್ಲ. ಸುಮಾರು 15 ವರ್ಷಕ್ಕೊಮ್ಮೆ ಶನಿಯ ಉಂಗುರಗಳ ಅಂಚು ನೇರವಾಗಿ ನಮ್ಮ ಕಡೆಗೆ ತಿರುಗುತ್ತದೆ, 2025ರಲ್ಲಿ ಹಾಗಾಗಿತ್ತು. ನಾನು ನೋಡಿದ್ದು ಆ ಅವಧಿಯಲ್ಲೇ. ಅಗಲವಾದ ಉಂಗುರದ ಬದಲು, ಮಣಿಯೊಂದಕ್ಕೆ ಸೂಜಿ ಚುಚ್ಚಿ ಎರಡೂ ಬದಿಗೆ ತುದಿ ಬಿಟ್ಟಂತೆ ಒಂದು ತೆಳುಗೆರೆ. ನನ್ನ ಮುಂದಿದ್ದ ಹುಡುಗ ಮೆಟ್ಟಿಲಿಳಿಯುತ್ತ ಉಂಗುರ ಎಲ್ಲಿ ಹೋಯಿತೆಂದು ಕೇಳಿದ. ದೂರದರ್ಶಕದ ಬಳಿ ಇದ್ದ ಸಿಬ್ಬಂದಿ ಬೇಸರವಿಲ್ಲದೆ, ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಅಡ್ಡವಾಗಿ ಹಿಡಿದಂತೆ ಅಂಗೈಯನ್ನು ಹಿಡಿದು ತೋರಿಸಿದರು. ಆ ರಾತ್ರಿ ಈ ಪ್ರಶ್ನೆಗೆ ಅವರು ಎಷ್ಟು ಬಾರಿ ಅಂಗೈ ಎತ್ತಿರಬೇಕೋ. ಅಂತರ್ಜಾಲದಲ್ಲಿ ಇದಕ್ಕಿಂತ ಸಾವಿರ ಪಾಲು ಸ್ಪಷ್ಟವಾದ ಶನಿಯ ಚಿತ್ರಗಳಿವೆ, ಬಾಹ್ಯಾಕಾಶ ನೌಕೆಗಳೇ ಹತ್ತಿರ ಹೋಗಿ ತೆಗೆದವು. ಆದರೂ ಗಾಳಿಯ ಅಲೆಗೆ ಸ್ವಲ್ಪ ನಡುಗುತ್ತಿದ್ದ ಆ ಪುಟ್ಟ ಹಳದಿ ಮಣಿಯ ಬೆಳಕು ನೇರವಾಗಿ ನನ್ನ ಕಣ್ಣಿಗೇ ಬಂದು ಬಿದ್ದದ್ದು. ಮಧ್ಯೆ ಪರದೆಯೂ ಇರಲಿಲ್ಲ, ಕ್ಯಾಮೆರಾವೂ ಇರಲಿಲ್ಲ.

ಸಾಲಿನಲ್ಲಿ ನಿಲ್ಲಲು ಆಗದವರು ನಿರಾಶರಾಗಬೇಕಿಲ್ಲ. ಎದುರಿನ ಹುಲ್ಲುಹಾಸಿನಲ್ಲಿ ಸಣ್ಣ ದೂರದರ್ಶಕಗಳನ್ನು ನಿಲ್ಲಿಸಿರುತ್ತಾರೆ, ಅಲ್ಲಿ ಸಾಲು ಬೇಗ ಸರಿಯುತ್ತದೆ. ಆ ದಿನ ಚಂದ್ರ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿಗೆ ತುಂಬಿದ್ದ, ದಕ್ಷಿಣದಲ್ಲಿ ಸರಿಯಾಗಿ ಊರಿನ ದೀಪಗಳ ಮೇಲೆಯೇ ಇದ್ದ. ನೆರಳು ಬೆಳಕು ಸೇರುವ ಗಡಿಯಲ್ಲಿ ಕುಳಿಗಳ ಅಂಚು ಎದ್ದು ಕಾಣುತ್ತಿತ್ತು. ಹುಣ್ಣಿಮೆಯಂದು ಬಂದರೆ ನೆರಳಿಲ್ಲದೆ ಎಲ್ಲವೂ ಸಪಾಟಾಗಿ ಕಾಣುತ್ತದೆ, ಆದ್ದರಿಂದ ಚಂದ್ರನನ್ನು ನೋಡಬೇಕೆನ್ನುವವರು ಶುಕ್ಲಪಕ್ಷದ ಸಪ್ತಮಿ, ಅಷ್ಟಮಿಯ ಆಸುಪಾಸನ್ನು ಆರಿಸಿಕೊಳ್ಳುವುದು ಒಳ್ಳೆಯದು. ಪಂಚಾಂಗ ಮನೆಯಲ್ಲಿದ್ದರೆ ಇಷ್ಟಕ್ಕಾದರೂ ಉಪಯೋಗಕ್ಕೆ ಬರುತ್ತದೆ. ಚಂದ್ರನ ಬೆಳಕಿಗೆ ಊರಿನ ಬೆಳಕು ಏನೂ ಮಾಡಲಾರದು. ಹುಲ್ಲುಹಾಸಿನ ನಡುವೆಯೇ, ಹಿಪಾರ್ಕಸ್‌ನಿಂದ ಹರ್ಷೆಲ್‌ವರೆಗಿನ ಆರು ಖಗೋಳಜ್ಞರ ಪ್ರತಿಮೆಗಳಿರುವ ಕಾಂಕ್ರೀಟಿನ ಸ್ಮಾರಕವಿದೆ. ಕತ್ತಲಲ್ಲಿ ಅದರ ಬುಡಕ್ಕೆ ಒರಗಿ ನಿಂತವರೆಲ್ಲ ಫೋನಿನಲ್ಲಿ ತಾವು ತೆಗೆದ ಊರಿನ ಚಿತ್ರಗಳನ್ನು ಸರಿಮಾಡಿಕೊಳ್ಳುತ್ತಿದ್ದರು.

ಯಾರಿಗೆ ಈ ಜಾಗ ಹಿಡಿಸಲಿಕ್ಕಿಲ್ಲ? ಕತ್ತಲ ಆಕಾಶದಲ್ಲಿ ನೀಹಾರಿಕೆಗಳನ್ನು ಹುಡುಕುವ ಅಭ್ಯಾಸವಿರುವವರಿಗೆ ಇಲ್ಲಿ ಹೊಸದೇನೂ ಸಿಗುವುದಿಲ್ಲ. ಅವರು ಊರಿನಿಂದ ಗಂಟೆಗಟ್ಟಲೆ ದೂರದ ಮರುಭೂಮಿಗೆ ಹೋಗಬೇಕು. ಗದ್ದಲ ಸಹಿಸಲಾರದವರು ಶನಿವಾರದ ಸಂಜೆಯನ್ನು ಬಿಟ್ಟು ವಾರದ ನಡುವೆ ಹೋಗಬೇಕು, ಏಕೆಂದರೆ ಕಲ್ಲಿನ ನೆಲದ ಆ ಹಜಾರದಲ್ಲಿ ಜನದ ಸದ್ದು ಚಾವಣಿಗೆ ತಾಗಿ ಇಮ್ಮಡಿಯಾಗಿ ಮರಳುತ್ತದೆ. ಹಾಗೆಂದು ನಾನೇ ಮುಂದಿನ ಸಲ ಶನಿವಾರ ಹೋಗುವವನಿದ್ದೇನೆ, ಅದೂ ತಿಂಗಳಿಗೊಮ್ಮೆ ಹವ್ಯಾಸಿ ಖಗೋಳಾಸಕ್ತರು ತಮ್ಮ ಸ್ವಂತ ದೂರದರ್ಶಕಗಳನ್ನು ತಂದು ಹುಲ್ಲುಹಾಸಿನಲ್ಲಿ ನಿಲ್ಲಿಸುವ ನಕ್ಷತ್ರಕೂಟದ ಶನಿವಾರ. ಒಂದು ದೂರದರ್ಶಕಕ್ಕೆ ಮುಕ್ಕಾಲು ಗಂಟೆ ಕಾಯುವ ಬದಲು ಆ ದಿನ ಹತ್ತಾರು ಕಡೆ ಕಣ್ಣಿಡಬಹುದು. ಕೂಟ ಯಾವ ಶನಿವಾರವೆಂಬುದನ್ನು ವೀಕ್ಷಣಾಲಯದ ಜಾಲತಾಣದಲ್ಲಿ ನೋಡಿಕೊಂಡು ಹೋಗಬೇಕು. ಬೆಟ್ಟದ ಮೇಲೆ ರಾತ್ರಿ ಗಾಳಿ ಚಳಿಯಾಗಿರುತ್ತದೆ, ಮಧ್ಯಾಹ್ನ ಸೆಕೆಯೆಂದು ಸ್ವೆಟರ್ ಬಿಟ್ಟು ಹೋದ ನಾನು ಸಾಲಿನಲ್ಲಿ ಕೈ ಕಂಕುಳಲ್ಲಿಟ್ಟುಕೊಂಡು ನಿಂತಿದ್ದೆ.